ಪಟಿಕ ಇಲ್ಲದೆ ನೋನಿ ಬೇರಿನ ಕೆಂಪು: ಫ್ಲೋರೆಸ್‌ನ ಹಳ್ಳಿಯಲ್ಲಿ ಕಲಿತ ಕೆಲಸ

ಹತ್ತಿ ನೂಲಿಗೆ ನೋನಿ ಬೇರಿನಿಂದ ಗಟ್ಟಿ ಕೆಂಪು ಬರಲ್ಲ ಅಂತ ನನಗೆ ಹೇಳದವರಿಲ್ಲ. "ಪಟಿಕ ಹಾಕು, ಮಂಜಿಷ್ಠ ಹಾಕು, ಕೆಲಸ ಮುಗಿಸು" ಅನ್ನೋರೇ ಎಲ್ಲ. ಪಟಿಕ ಅಂದರೆ ಬಣ್ಣವನ್ನು ನೂಲಿಗೆ ಕಚ್ಚಿಸುವ ಉಪ್ಪು, ಮಂಜಿಷ್ಠ ಕೆಂಪು ಕೊಡುವ ಇನ್ನೊಂದು ಬೇರು. ಗುಳೇದಗುಡ್ಡದಲ್ಲಿ ನಾನು ನೂಲಿಗೆ ಬಣ್ಣ ಹಾಕಿ ಕೊಡುವ ನೇಕಾರ ಕಾಕಾ ನನ್ನ ಹಳೆ ಲಡಿಯೊಂದನ್ನು ಬಿಸಿಲಿಗೆ ಹಿಡಿದು ನೋಡಿ, "ತಂಗಿ, ಇದು ಕೆಂಪಲ್ಲ, ಇಟ್ಟಂಗಿ ಬಣ್ಣ" ಅಂದುಬಿಟ್ಟಿದ್ದರು. ಈ ವರ್ಷ ಅದೇ ಕಾಕಾ ಇನ್ನೂ ನಾಲ್ಕು ಕಿಲೋ ಬೇಕು ಅಂತ ಫೋನ್ ಮಾಡಿದರು. ಅದಕ್ಕೇ ಬರೆಯುವ ಧೈರ್ಯ ಬಂತು.

ಕಲಿತದ್ದು ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ವಾಟುಬ್ಲಾಪಿ ಎಂಬ ಹಳ್ಳಿಯಲ್ಲಿ. ನಮ್ಮವರು ಬಾಲಿ ನೋಡಿ ವಾಪಸ್ ಬರುತ್ತಾರೆ. ಅಲ್ಲಿಂದ ಪೂರ್ವಕ್ಕೆ ಇನ್ನೊಂದು ವಿಮಾನ ಹತ್ತಿ ಮೌಮೆರೆಯಲ್ಲಿ ಇಳಿಯುವವರು ಕಡಿಮೆ. ಮೌಮೆರೆಯಿಂದ ತೆಂಗು, ಕೋಕೋ, ಗೋಡಂಬಿ ತೋಟಗಳ ನಡುವೆ ಗುಡ್ಡದ ದಾರಿ. ಅಲ್ಲಿನ ಸಿಕ್ಕಾ ಜನಾಂಗದ ಹೆಂಗಸರು ನೂಲನ್ನು ಕಟ್ಟಿ ಬಣ್ಣ ಹಾಕಿ, ಸೊಂಟಕ್ಕೆ ಬಿಗಿದುಕೊಳ್ಳುವ ಮಗ್ಗದಲ್ಲಿ ಇಕತ್ ನೇಯುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಕ್ಯಾಥೊಲಿಕ್ ಜನ, ಭಾನುವಾರ ಕೆಲಸ ಇಲ್ಲ. ಹಿರಿಯ ಹೆಂಗಸರನ್ನು ಮಾಮಾ ಅನ್ನಬೇಕು, ಅಮ್ಮ ಅಂತ ಅರ್ಥ. ನನಗೆ ಕಲಿಸಿದ ಮಾಮಾಗೆ ಅರವತ್ತರ ಮೇಲೆ ವಯಸ್ಸು. ನನ್ನ ಇಂಡೋನೇಷ್ಯನ್ ಭಾಷೆ ಫೋನಿನ ಅನುವಾದದ ಮಟ್ಟದ್ದು. ಕೈ ಕೆಲಸಕ್ಕೆ ಅಷ್ಟು ಸಾಕು.

ಹೋಗುವ ಮುಂಚೆ ಮನೆಯಲ್ಲಿ ಏನೆಲ್ಲ ಹಾಳಾಗಿತ್ತು ಅನ್ನೋದು ಮೊದಲು ಹೇಳುತ್ತೇನೆ. ಜ್ಯೂಸ್‌ಗೆ ಅಂತ ನೋನಿ ಹಾಕಿದ್ದ ರೈತರೊಬ್ಬರು ಗಿಡ ಕೀಳುತ್ತಿದ್ದರು. ಬೇರು ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕಿತು. ದಪ್ಪ ಬೇರು ಕಂಡು ಖುಷಿಪಟ್ಟಿದ್ದೆ. ಅದರಲ್ಲಿ ಬಣ್ಣವೇ ಇಲ್ಲ. ಬಣ್ಣ ಇರೋದು ಬೆರಳು ಗಾತ್ರದ, ಅದಕ್ಕಿಂತ ಸಣ್ಣ ಬೇರಿನ ಸಿಪ್ಪೆಯಲ್ಲಿ. ಅಳಲೆಕಾಯಿ, ಪಟಿಕ, ಕುದಿಯುವ ನೀರು, ಎಲ್ಲ ಬಣ್ಣ ಹಾಕೋರು ಮಾಡುವಂತೆಯೇ ಮಾಡಿದೆ. ಒಂದು ಸಲ ಕಂದು, ಒಂದು ಸಲ ಸಪ್ಪೆ ಕಿತ್ತಳೆ. ಬೋರ್ ನೀರಿನ ಕಬ್ಬಿಣಕ್ಕೆ ಒಂದು ಬ್ಯಾಚ್ ಪೂರ್ತಿ ಕಪ್ಪಿಟ್ಟಿತು. ಹತ್ತು ಹನ್ನೆರಡು ಸಾವಿರದ ನೂಲು ಹೀಗೆ ಹೋಯಿತು. ಆ ನೂಲಿನಲ್ಲಿ ಈಗಲೂ ಮನೆಯಲ್ಲಿ ಕಾಲೊರಸು ನೇಯಿಸುತ್ತಿದ್ದೇನೆ.

ವಾಟುಬ್ಲಾಪಿಯಲ್ಲಿ ನೋಡಿದರೆ ಕೆಂಪಿಗೆ ಒಲೆಯನ್ನೇ ಹಚ್ಚಲ್ಲ. ಎಲ್ಲ ತಣ್ಣೀರಿನ ಕೆಲಸ. ಪಟಿಕದ ಜಾಗಕ್ಕೆ ಅವರು ಹಾಕೋದು ಲೋಬಾ. ಅದು ಆಯುರ್ವೇದದ ಮದ್ದಿಗೆ ಬಳಸುವ ನಮ್ಮ ಲೋಧ್ರದ ಜಾತಿಯ ಮರ, ಎತ್ತರದ ಕಾಡಿನಲ್ಲಿ ಬೆಳೆಯುತ್ತದೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಇದರ ಎಲೆಯಲ್ಲೇ ತುಂಬಿಕೊಂಡಿರುತ್ತದೆ. ಹಣ್ಣಾಗಿ ಉದುರಿದ ಎಲೆ ಆರಿಸಿದರೆ ಸಾಕು, ಮರ ಕಡಿಯಬೇಕಿಲ್ಲ.

ನನ್ನ ಲೆಕ್ಕದಲ್ಲಿ ಅಸಲಿ ಕೆಲಸ ಬೇರಿನದ್ದೂ ಅಲ್ಲ, ಲೋಬಾದ್ದೂ ಅಲ್ಲ. ಎಣ್ಣೆಯದ್ದು. ಕೆಮಿರಿ ಎಂಬ ಎಣ್ಣೆಕಾಯಿ ಅಲ್ಲಿ ಅಡುಗೆಗೂ ಬಳಸುತ್ತಾರೆ, ಸಂತೆಯಲ್ಲಿ ಅಗ್ಗ. ಅದನ್ನು ಒರಳಲ್ಲಿ ಕುಟ್ಟಿ, ಕೆಲವು ಸೊಪ್ಪು ಸೇರಿಸಿ, ಬೂದಿ ನೀರಲ್ಲಿ ಕಲಸಿದರೆ ಹಳದಿ ಬಿಳುಪಿನ ಗಂಜಿ ಆಗುತ್ತದೆ. ನೂಲಿನ ಲಡಿ ಅದರಲ್ಲಿ ಹಾಕಿ ಹಿಟ್ಟು ನಾದಿದ ಹಾಗೆ ನಾದಬೇಕು. ಮೊದಲರ್ಧ ಗಂಟೆ ನೂಲು ಏನನ್ನೂ ಕುಡಿಯಲ್ಲ, ಎಣ್ಣೆ ಮೇಲೆ ಜಾರುತ್ತಿರುತ್ತದೆ. ಆಮೇಲೆ ಒಂದು ಹಂತದಲ್ಲಿ ಲಡಿ ಭಾರ ಆಗುತ್ತದೆ, ಹಿಂಡಿದರೆ ಬೆರಳ ಸಂದಿಯಲ್ಲಿ ನೊರೆ ಬರುತ್ತದೆ. ಮಾಮಾ ಎದುರು ಕೂತು ಎಲೆ ಅಡಿಕೆ ಜಗಿಯುತ್ತಾ ನನ್ನ ಕೈ ನೋಡುತ್ತಿದ್ದರು. ನೊರೆ ಬರುವ ಮುಂಚೆ ಕೈ ತೆಗೆದರೆ "ಬೆಲುಮ್" ಅನ್ನೋರು, ಇನ್ನೂ ಆಗಿಲ್ಲ ಅಂತ. ದಿನಕ್ಕೆ ಇಪ್ಪತ್ತು ಸಲ ಕೇಳಿದ್ದೇನೆ.

ನೆನೆಸು, ನಾದು, ಒಣಗಿಸು. ಹೀಗೆ ಹಲವು ದಿನ. ಆಮೇಲೆ ನೂಲನ್ನು ಸುಮ್ನೆ ಬಿಡಬೇಕು, ವಾರಗಟ್ಟಲೆ. ನಮ್ಮವರು ಕೆಡುವುದೇ ಇಲ್ಲಿ. ನಮಗೆ ಸೋಮವಾರ ಎಣ್ಣೆ, ಗುರುವಾರ ಬಣ್ಣ, ಶನಿವಾರ ಡೆಲಿವರಿ. ನನಗೆ ಅಲ್ಲಿ ಅಷ್ಟು ದಿನ ಇರೋಕೆ ವೀಸಾ ಇರಲಿಲ್ಲ. ಅವರು ಹಿಂದಿನ ತಿಂಗಳು ಎಣ್ಣೆ ಹಾಕಿಟ್ಟ ಲಡಿಗಳ ಮೇಲೆ ಬಣ್ಣ ಕಲಿತೆ.

ಬಣ್ಣದ ಕೆಲಸ ಬಣ್ಣ ಹಾಕೋರಿಗೆ ಗೊತ್ತಿರೋದೇ. ಬೇರಿನ ಸಿಪ್ಪೆ, ಲೋಬಾ ಎರಡನ್ನೂ ಜೊತೆಯಲ್ಲೇ ಕುಟ್ಟಿ ತಣ್ಣೀರಿಗೆ ಹಿಂಡೋದು, ನೂಲು ರಾತ್ರಿ ನೆನೆಸೋದು, ಬಿಸಿಲಿಗೆ ಹಾಕೋದು, ಮತ್ತೆ ಹೊಸ ಬೇರು. ಒಂದೇ ಸಲಕ್ಕೆ ಕೆಂಪು ಬರಲ್ಲ. ಮೊದಲ ಅದ್ದಿನಲ್ಲಿ ಹಳದಿ ಕಿತ್ತಳೆ, ಐದಾರಕ್ಕೆ ಕೆಂಪಿನ ಕಡೆ ತಿರುಗುತ್ತದೆ, ಎಂಟು ಹತ್ತು ದಾಟಿದ ಮೇಲೆ ಆಳ. ಬೇರು ನೂಲಿನ ತೂಕದ ಮೂರು ಪಟ್ಟಾದರೂ ಬೇಕು. ಬೇರಿಗೆ ಲೋಬಾ ಎಷ್ಟು ಪಾಲು, ಯಾವ ಮರದ ಬೂದಿ ಅನ್ನೋದು ಇಲ್ಲಿ ಬರೆಯಲ್ಲ. ಮಾಮಾಗೆ ಮಾತು ಕೊಟ್ಟಿದ್ದೇನೆ. ಅದೂ ಅಲ್ಲದೆ ನನ್ನ ಹೊಟ್ಟೆಪಾಡೂ ಅದೇ ಅಲ್ವಾ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೀನು ತಿನ್ನದ ನನಗೆ ಉಪವಾಸ ಗ್ಯಾರಂಟಿ ಅಂತ ಮನೆಯವರು ಹೆದರಿಸಿದ್ದರು. ಅಲ್ಲಿ ನುಗ್ಗೆಸೊಪ್ಪು ದಿನಾ ಇರುತ್ತದೆ, ಜೋಳ ಬೆರೆಸಿದ ಅನ್ನ, ಮರಗೆಣಸು. ಖಾರದ ಚಟ್ನಿ ನಮಗೇ ಸವಾಲು. ಕಷ್ಟ ಇದ್ದದ್ದು ನೀರಿಗೆ. ಒಣ ತಿಂಗಳುಗಳಲ್ಲಿ ನೀರಿಗೆ ತತ್ವಾರ, ಬಣ್ಣ ಒಣಗೋದೂ ಅದೇ ತಿಂಗಳುಗಳಲ್ಲಿ.

ದುಡ್ಡಿನ ವಿಷಯ. ಬೆಂಗಳೂರಿಂದ ಬಾಲಿಗೆ ಹೋಗಿ ಬರೋಕೆ ಮೂವತ್ತು ಸಾವಿರದ ಆಸುಪಾಸು, ಬಾಲಿಯಿಂದ ಮೌಮೆರೆಗೆ ಇನ್ನೊಂದು ಹದಿನೆಂಟು ಇಪ್ಪತ್ತು. ಇಳಿದ ಮೇಲೆ ವೀಸಾಕ್ಕೆ 5 ಲಕ್ಷ ರೂಪಿಯಾ, ಹೆದರಬೇಡಿ, ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರಕ್ಕೆ ಸ್ವಲ್ಪ ಜಾಸ್ತಿ, 30 ದಿನಕ್ಕೆ. ವಸತಿ, ಊಟ, ಮಾಮಾಗೆ ಕಲಿಸಿದ್ದಕ್ಕೆ ಎಲ್ಲ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರದ ಹತ್ತಿರ ಬಂತು. ಸಂಘದಿಂದ ಸಾಲ ತೆಗೆದಿದ್ದೆ. ಹೋದ ದೀಪಾವಳಿಗೆ ತೀರಿತು.

ಊರಿಗೆ ಬಂದ ಮೇಲೆ ಕೆಮಿರಿ ಬದಲು ಏನು ಅನ್ನೋದೇ ತಲೆನೋವು. ಶೇಂಗಾ ಎಣ್ಣೆಗೆ ನೂಲು ಕಮಟು ಹಿಡಿದು ಇರುವೆ ಮುತ್ತಿದವು. ಔಡಲ ಎಣ್ಣೆ ಒಗ್ಗಿತು. ನಮ್ಮ ದೇಶದಲ್ಲೂ ಹಿಂದೆ ಇದೇ ಜಾತಿಯ ಬೇರಿನಿಂದ ಆಲ್ ಎಂಬ ಕೆಂಪು ಬಣ್ಣ ಹಾಕುವಾಗ ಔಡಲ ಎಣ್ಣೆ, ಆಡಿನ ಹಿಕ್ಕೆ ಬಳಸುತ್ತಿದ್ದರು. 1868ರಲ್ಲಿ ಜರ್ಮನಿಯಲ್ಲಿ ಅಲಿಜರಿನ್ ಎಂಬ ಕೆಂಪು ಬಣ್ಣವನ್ನು ಕೃತಕವಾಗಿ ಮಾಡಿದ ಮೇಲೆ ನಿಧಾನಕ್ಕೆ ಆ ಕಸುಬೇ ಹೋಯಿತು. ಹಿಕ್ಕೆ ನಾನೂ ಒಂದು ಸಲ ಹಾಕಿದೆ. ಫಲಿತಾಂಶ ಚೆನ್ನಾಗಿತ್ತು, ಅಕ್ಕಪಕ್ಕದವರು ಜಗಳಕ್ಕೆ ಬಂದರು. ಬೋರ್ ನೀರು ಬಿಟ್ಟು ಮಳೆನೀರು ಹಿಡಿದಿಟ್ಟುಕೊಂಡೆ, ಕಪ್ಪಿಡೋದು ಅಲ್ಲಿಗೇ ನಿಂತಿತು.

ಲೋಬಾ ಪುಡಿ ಅಲ್ಲಿಂದಲೇ ತರಿಸಿದೆ. ಪುಡಿಗಿಂತ ಸಾಗಣೆ ದುಬಾರಿ. ಗ್ರಂಧಿಗೆ ಅಂಗಡಿಯ ಲೋಧ್ರ ಚೆಕ್ಕೆ ಹಾಕಿ ನೋಡಿದೆ, ಚೆಕ್ಕೆಯ ಸ್ವಂತ ಕಂದು ಬಣ್ಣ ಮೇಲೆ ಬಂತು. ಶಿರಸಿ ಕಡೆಯ ಗೆಳತಿ ಉದುರಿದ ಲೋಧ್ರದ ಎಲೆ ಒಂದು ಚೀಲ ಕಳಿಸಿದಳು. ಅದರಲ್ಲಿ ತಿಳಿ ಗುಲಾಬಿ ಬರುತ್ತಿದೆ, ಕೆಂಪು ಇನ್ನೂ ಇಲ್ಲ. ಈ ಮಧ್ಯೆ ನೋನಿ ಕೆಂಪಿನ ಒಂದು ಲಡಿಯನ್ನು ನೀಲಿ ತೊಟ್ಟಿಗೆ ಅದ್ದಿದೆ. ಸಿಕ್ಕಾ ಬಟ್ಟೆಯ ನೆಲದ ಕರಿಗಂದು ಬಣ್ಣ ನೀಲಿ, ಕೆಂಪು ಎರಡೂ ಸೇರಿಯೇ ಬರೋದು. ಈಗ ಗಿರಾಕಿಗಳು ಕೆಂಪಿಗಿಂತ ಅದನ್ನೇ ಜಾಸ್ತಿ ಕೇಳುತ್ತಿದ್ದಾರೆ. ಕೆಂಪು ನೂಲು ಕಿಲೋಗೆ ಮೂರು ಸಾವಿರದ ಮೇಲೆ ಮಾರುತ್ತೇನೆ, ಕರಿಗಂದಿಗೆ ಇನ್ನೂ ಐನೂರು ಸೇರಿಸುತ್ತೇನೆ. ಯಾರೂ ತಕರಾರು ತೆಗೆದಿಲ್ಲ.

ಹೋಗೋರು ಜೂನ್ ಮತ್ತು ಸೆಪ್ಟೆಂಬರ್ ನಡುವೆ ಹೋಗಿ. ನಗದು ಮೌಮೆರೆಯಲ್ಲೇ ತೆಗೆದಿಟ್ಟುಕೊಳ್ಳಿ. ಗಿಡದ ಬಣ್ಣದ ದೊಡ್ಡ ಬಟ್ಟೆಗೆ ಇಪ್ಪತ್ತು ಮೂವತ್ತು ಲಕ್ಷ ರೂಪಿಯಾ ಹೇಳುತ್ತಾರೆ, ನಮ್ಮ ಹತ್ತು ಹದಿನೈದು ಸಾವಿರ. ಎಣ್ಣೆಯಿಂದ ಹಿಡಿದು ನೇಯ್ಗೆವರೆಗೆ ವರ್ಷದ ಹತ್ತಿರ ಹಿಡಿಯುವ ಕೆಲಸ ಅದು, ಚೌಕಾಸಿ ಮಾಡಬೇಡಿ.