ಮಳೆಗಾಲದ ಸಂಜೆಗೆ ಯುದ್ಧದ ಸಿನಿಮಾ ಆರಿಸುವುದು ಹೇಗೆ?

ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದರೆ ಸಂಜೆ ಟಿಳಕವಾಡಿಯಿಂದ ಹೊರಬೀಳುವ ಮಾತಿಲ್ಲ. ಮನೆಯಲ್ಲಿ ಸಿನಿಮಾ ಆರಿಸುವ ಹೊಣೆ ನನ್ನದು.

ಮೊದಲ ಇಪ್ಪತ್ತು ನಿಮಿಷ ನೋಡಿ. ಅಷ್ಟರಲ್ಲಿ ಒಬ್ಬ ಸೈನಿಕನಾದರೂ ಹಸಿದಿರಬೇಕು, ಹೆದರಿರಬೇಕು ಅಥವಾ ಸುಮ್ಮನೆ ಕಾಯುತ್ತಿರಬೇಕು. ಬರೀ ಘೋಷಣೆ ಕೂಗುತ್ತಿದ್ದರೆ ಬಿಟ್ಟುಬಿಡಿ. ಇಲ್ಲಿನ ಮರಾಠಾ ಲಘು ಪದಾತಿದಳದಲ್ಲಿ ದುಡಿದ ನಮ್ಮ ಮಾವನವರು ಅಂಥ ದೃಶ್ಯ ಬಂದರೆ ಎದ್ದು ಅಡಿಕೆ ಕತ್ತರಿಸಲು ಹೋಗುತ್ತಾರೆ. ನನಗೆ ಅದೇ ವಿಮರ್ಶೆ.

ಅವರು ಕದಲದೆ ನೋಡಿದ್ದು 1981ರ ಜರ್ಮನ್ ಚಿತ್ರ ‘ದಾಸ್ ಬೋಟ್’. ಜಲಾಂತರ್ಗಾಮಿಯೊಳಗೆ ಶತ್ರು ಕಾಣುವುದಕ್ಕಿಂತ ಕೇಳಿಸುವುದೇ ಹೆಚ್ಚು. ಹಾಗಾಗಿ ಫ್ಯಾನ್ ನಿಲ್ಲಿಸಿ, ದೀಪ ಆರಿಸಿ, ಕನ್ನಡಕ ಹಾಕಿಕೊಂಡು ಉಪಶೀರ್ಷಿಕೆ ಓದಿ. ಸುಮಾರು ಮೂರೂವರೆ ಗಂಟೆಯ ಆವೃತ್ತಿ ಸಿಕ್ಕರೆ ಎರಡು ರಾತ್ರಿ ಮಾಡಿಕೊಳ್ಳಿ.

2017ರ ‘ಡನ್‌ಕರ್ಕ್’ ನೋಡುವಾಗ ಚಹಾ ಮೊದಲೇ ಮಾಡಿಡಿ. ದಡದ ಒಂದು ವಾರ, ಕಡಲಿನ ಒಂದು ದಿನ, ಆಕಾಶದ ಒಂದು ಗಂಟೆ ಅದರಲ್ಲಿ ಹೆಣೆದುಕೊಂಡಿವೆ. ನಾನು ನಡುವೆ ಹಾಲು ಉಕ್ಕಿತೆಂದು ಓಡಿ, ಮರಳಿ ಬಂದಾಗ ಯಾವ ಹಡಗು ಮುಳುಗಿತೆಂದೇ ತಿಳಿಯಲಿಲ್ಲ.

ಥ್ರಿಲ್ಲರ್ ಬೇಕೆಂದರೆ ಶಂಕರ್ ನಾಗ್ ಅವರ 1985ರ ‘ಆಕ್ಸಿಡೆಂಟ್’. ತಪ್ಪಿತಸ್ಥ ಯಾರೆಂದು ನಮಗೆ ಮೊದಲೇ ಗೊತ್ತು. ಅವನು ದಕ್ಕಿಸಿಕೊಳ್ಳುತ್ತಾನೆಯೇ ಎಂಬುದೇ ಕುತೂಹಲ. ಬಾಗಿಲು ಕಿರುಗುಟ್ಟಿದ್ದಕ್ಕೆಲ್ಲ ಡೋಲು ಬಾರಿಸುವ ಥ್ರಿಲ್ಲರ್‌ಗಳನ್ನು ಮಾತ್ರ ನಮ್ಮ ಮನೆಯಲ್ಲಿ ಹಾಕುವುದಿಲ್ಲ.