ಮಡಿಕೆ ಬಿಚ್ಚಿದರೆ ಜೋಡಿ ನವಿಲು

ಮೊದಲ ಸಲ ಕಾಗದದಲ್ಲಿ ನವಿಲು ಕತ್ತರಿಸಲು ಕುಳಿತಾಗ ಒಂದೂವರೆ ಗಂಟೆ ಕಳೆದಿದ್ದೆ. ಜುಟ್ಟು, ಕೊಕ್ಕು, ಗರಿಯ ಕಣ್ಣು ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಮಡಿಕೆ ಬಿಚ್ಚಲು ಹೋದರೆ ಕೈಗೆ ಬಂದದ್ದು ಎರಡು ಬೇರೆ ಬೇರೆ ತುಂಡು! ಮಡಿಕೆಯ ಅಂಚನ್ನೇ ಪೂರ್ತಿ ಕತ್ತರಿಸಿದ್ದೆ. ಎಲ್ಲಿ ಕತ್ತರಿ ಹಾಕಬಾರದು ಎಂಬುದನ್ನು ಈ ಕಲೆಯಲ್ಲಿ ಮೊದಲು ಕಲಿಯಬೇಕು.

ಮಥುರಾ, ವೃಂದಾವನದ ಕಡೆ ಇದಕ್ಕೆ ಸಾಂಝಿ ಎನ್ನುತ್ತಾರೆ. ಕೃಷ್ಣಲೀಲೆಯ ಚಿತ್ರಗಳನ್ನು ಕಾಗದದಲ್ಲಿ ಸಣ್ಣ ಕತ್ತರಿಯಿಂದ ಕೊರೆದು, ಆ ಅಚ್ಚಿನ ಮೇಲೆ ಬಣ್ಣದ ಪುಡಿ ಉದುರಿಸಿ ರಂಗೋಲಿ ಮೂಡಿಸುತ್ತಾರೆ. ಚೀನಾದವರು ಹೊಸ ವರ್ಷಕ್ಕೆ ಕೆಂಪು ಕಾಗದದ ಚಿತ್ತಾರವನ್ನು ಕಿಟಕಿಗೆ ಅಂಟಿಸುತ್ತಾರೆ; ಅವರ ಕಲೆ 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ಜಾತ್ರೆ ಬಂದಾಗ ಓಣಿಗೆ ಅಡ್ಡಲಾಗಿ ತೋರಣ ಏರುತ್ತದೆ. ಈಗ ಅದು ಹೆಚ್ಚಾಗಿ ಪ್ಲಾಸ್ಟಿಕ್. ಗಾಳಿಗೆ ಪರಪರ ಎನ್ನುವ ಕಾಗದದ ಸದ್ದು ಅದಕ್ಕೆಲ್ಲಿ ಬರಬೇಕು?

ಬೇಕಾಗುವುದು ಗ್ಲೇಸ್ ಕಾಗದ, ಪೆನ್ಸಿಲ್, ಸ್ಟೇಪ್ಲರ್, ಗುಂಡುಸೂಜಿ ಮತ್ತು ಮೊನಚು ತುದಿಯ ಸಣ್ಣ ಕತ್ತರಿ. ಕತ್ತರಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮೊಂಡು ಕತ್ತರಿ ಕಾಗದವನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ.

ಕೈ ಕುದುರಲು ಮೊದಲು ತೋರಣದ ಪಟ್ಟಿ ಮಾಡಿ. ಅಭ್ಯಾಸಕ್ಕೆ ಹಳೆಯ ಪತ್ರಿಕೆ ಸಾಕು. ಓದಿಯಾದ ಮೇಲೆ ಈ ಪುರವಣಿಯನ್ನೇ ಬಳಸಿದರೂ ನನಗೆ ಬೇಸರವಿಲ್ಲ. 20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಹಾಳೆಯನ್ನು ಉದ್ದಕ್ಕೆ ಎರಡು ಸಲ ಮಡಿಸಿ. 5 ಸೆಂ.ಮೀ. ಅಗಲದ ಪಟ್ಟಿಯಾಗುತ್ತದೆ. ದಾರಕ್ಕೆ ಅಂಟಿಸಲು ಮೇಲಿನ 3 ಸೆಂ.ಮೀ. ಬಿಟ್ಟುಬಿಡಿ. ಮಡಿಕೆಯ ಅಂಚಿನಲ್ಲಿ ಅರ್ಧ ಎಲೆ ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಎಲೆಯ ಕಿಂಡಿ ಕಾಣುತ್ತದೆ. ಒಂದು ಎಲೆಗೂ ಇನ್ನೊಂದಕ್ಕೂ ನಡುವೆ ಒಂದು ಬೆರಳಗಲ ಜಾಗ ಇರಲಿ.

ಇನ್ನು ನವಿಲು. ಮನೆಯಲ್ಲಿ ಮೊಳಕಾಲ್ಮುರು ಸೀರೆ ಇದ್ದರೆ ಅಂಚು, ಸೆರಗು ಹರಡಿ ನೋಡಿ. ಅದರಲ್ಲಿ ನವಿಲು ಸಿಕ್ಕಿದರೆ ನಿಮ್ಮ ಅದೃಷ್ಟ. ನೇಯ್ಗೆಯ ನವಿಲು ನಾಲ್ಕಾರು ಗೆರೆಗಳಲ್ಲೇ ಮುಗಿದಿರುತ್ತದೆ. ಕತ್ತರಿಗೆ ಬೇಕಾದದ್ದೂ ಅಷ್ಟೇ. ಮೊಬೈಲಿನಲ್ಲಿ ಸಿಗುವ ಫೋಟೊ ನೋಡಿ ಒಂದೊಂದು ಗರಿಯನ್ನೂ ಬಿಡಿಸಲು ಹೋಗಬೇಡಿ.

ಬಣ್ಣದ ಮುಖ ಒಳಗೆ ಬರುವಂತೆ ಹಾಳೆಯನ್ನು ಒಂದೇ ಸಲ ಮಡಿಸಿ. ಬಿಳಿಯ ಬದಿಯಲ್ಲಿ, ಮಡಿಕೆಗೆ ತಾಗಿದಂತೆ ಅರ್ಧ ಕಳಶ ಬರೆಯಿರಿ. ಪಕ್ಕದಲ್ಲಿ ನವಿಲು: ಕೊಕ್ಕು ಕಳಶವನ್ನು ಮುಟ್ಟಲಿ, ಕಾಲು ಕೆಳಗಿನ ಅಡಿಪಟ್ಟಿಯ ಮೇಲೆ ನಿಲ್ಲಲಿ. ಕಳಶದ ಬುಡವೂ ಅದೇ ಪಟ್ಟಿಗೆ ಸೇರಲಿ. ಇಡೀ ಚಿತ್ರವನ್ನು ಹಿಡಿದಿಡುವ ಕೊಂಡಿಗಳು ಇವೇ. ಒಂದೊಂದೂ ಗೋಧಿಕಾಳಿನಷ್ಟಾದರೂ ದಪ್ಪ ಇರಬೇಕು. ತೆಗೆಯಬೇಕಾದ ಜಾಗಕ್ಕೆಲ್ಲ ಪೆನ್ಸಿಲಿನಿಂದ ಗೀರು ಹಾಕಿ. ಗೀರಿಲ್ಲದ ಭಾಗದ ಮೇಲೆ ಒಂದು ತುದಿಯಿಂದ ಬೆರಳು ಓಡಿಸಿ. ಬೆರಳು ಎತ್ತದೆ ಎಲ್ಲ ಕಡೆಗೂ ಹೋಗಿ ಬರಲಾದರೆ ಚಿತ್ರ ಬಿಡಿಯಾಗುವುದಿಲ್ಲ. ನಾನು ಕಳೆದುಕೊಂಡ ಆ ಒಂದೂವರೆ ಗಂಟೆ ಕಲಿಸಿದ್ದು ಇದನ್ನೇ.

ಗೀರು ಹಾಕಿದ ಜಾಗದಲ್ಲಿ ಎರಡು ಮೂರು ಪಿನ್ ಹೊಡೆದರೆ ಪದರ ಜಾರುವುದಿಲ್ಲ. ಆ ಚೂರಿನ ಜೊತೆಗೇ ಪಿನ್ನೂ ಹೋಗುತ್ತದೆ. ಮೊದಲು ಒಳಗಿನ ಕಿಂಡಿಗಳು, ಅವುಗಳಲ್ಲೂ ಚಿಕ್ಕವು ಮೊದಲು. ಗರಿಯ ಕಣ್ಣಿಗೆ ಗುಂಡುಸೂಜಿಯಿಂದ ತೂತು ಮಾಡಿ, ಅಲ್ಲಿ ಕತ್ತರಿಯ ಮೊನೆ ತೂರಿಸಿ. ಹೊರಗೆರೆ ಕೊನೆಗೆ. ಅದನ್ನು ಮೊದಲೇ ಕತ್ತರಿಸಿದರೆ ಕಾಗದ ಜೋಲಾಡಿ ಹಿಡಿತಕ್ಕೆ ಸಿಗುವುದಿಲ್ಲ. ತಿರುವಿನಲ್ಲಿ ಕತ್ತರಿಯನ್ನು ತಿರುಗಿಸಬೇಡಿ, ಎಡಗೈಯಿಂದ ಕಾಗದವನ್ನು ತಿರುಗಿಸಿ. ಮಕ್ಕಳಿಗೆ ತೋರಣದ ಪಟ್ಟಿ ಕೊಡಿ; ನವಿಲಿನ ಕಣ್ಣು ದೊಡ್ಡವರ ಪಾಲಿಗಿರಲಿ.

ಮಡಿಕೆ ಬಿಚ್ಚುವಾಗ ಅವಸರ ಬೇಡ, ಕೊಕ್ಕು ಹರಿಯುವುದು ಆಗಲೇ. ಬಿಚ್ಚಿದ್ದನ್ನು ಒಂದು ರಾತ್ರಿ ದಪ್ಪ ಪುಸ್ತಕದಡಿ ಇಟ್ಟರೆ ಸುಕ್ಕು ಇಳಿಯುತ್ತದೆ. ಅಂಟನ್ನು ಬೆರಳ ತುದಿಯಿಂದ ಕೊಂಡಿಗಳ ಹಿಂದೆ ಮಾತ್ರ ತಾಗಿಸಿ, ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಕೂರಿಸಿ. ಹೊರಗೆ ಕಟ್ಟುವ ತೋರಣವಾದರೆ ಸುಣ್ಣದ ಗೋಡೆಗೆ ತಾಗದಂತೆ ಕಟ್ಟಿ. ನಾಲ್ಕು ಹನಿ ಮಳೆ ಬಿದ್ದರೂ ಗ್ಲೇಸ್ ಕಾಗದ ಬಣ್ಣ ಬಿಡುತ್ತದೆ.