ಎರಡು ಮಳೆಗಳ ನಡುವೆ ಟೊಮೆಟೊ: ಹಿತ್ತಲಿಗೆ ಬೇಗ ಫಲ ಕೊಡುವ ಹೈಬ್ರಿಡ್ ತಳಿ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಿತ್ತಲಲ್ಲಿ ಟೊಮೆಟೊ ಬೆಳೆಯುವವರು ಗೊಬ್ಬರಕ್ಕಿಂತ ಮೊದಲು ಮಳೆಯ ಲೆಕ್ಕ ಹಾಕಬೇಕು. ಮುಂಗಾರಿನಲ್ಲಿ ನೆಟ್ಟ ಗಿಡ ಹೂ ಬಿಡುವ ಮೊದಲೇ ಕೊಳೆಯುತ್ತದೆ. ಹಿಂಗಾರು ತಗ್ಗಿದ ಮೇಲೆ, ಮಾರ್ಚ್‌ನಲ್ಲಿ ಕಾಫಿಗೆ ಹೂಮಳೆ ಬೀಳುವವರೆಗೆ ಸಿಗುವ ಒಣ ತಿಂಗಳುಗಳೇ ಇಲ್ಲಿ ಟೊಮೆಟೊ ಕಾಲ. ಆ ಬಿಡುವಿನೊಳಗೆ ಹೂ, ಕಾಯಿ, ಕೊಯ್ಲು ಎಲ್ಲವೂ ಮುಗಿಯಬೇಕಾದರೆ ಬೇಗ ಫಲ ಕೊಡುವ ಹೈಬ್ರಿಡ್ ತಳಿಯೇ ಬೇಕು. ಅರಸೀಕೆರೆ, ಕಡೂರಿನ ಬಯಲುಸೀಮೆಯವರಿಗೆ ಇಷ್ಟು ಇಕ್ಕಟ್ಟಿಲ್ಲ. ನೀರಿದ್ದರೆ ಅವರು ಜೂನ್‌ನಲ್ಲೂ ನೆಡಬಹುದು.

ಬೀಜದ ಪೊಟ್ಟಣದ ಮೇಲೆ ‘60 ದಿನ’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ನಾಟಿಯಿಂದ ಮೊದಲ ಹಣ್ಣಿನವರೆಗಿನ ಲೆಕ್ಕ, ಬಿತ್ತನೆಯಿಂದಲ್ಲ. ಒಟ್ಲಿನಲ್ಲಿ, ಅಂದರೆ ನಾಟಿಗೆ ಮೊದಲು ಸಸಿ ಬೆಳೆಸುವ ಜಾಗದಲ್ಲಿ, ಕಳೆಯುವ 25ರಿಂದ 30 ದಿನಗಳನ್ನು ಅದಕ್ಕೆ ಸೇರಿಸಿಕೊಳ್ಳಿ. ಸೆಪ್ಟೆಂಬರ್ ಮೂರನೆಯ ವಾರ ಬಿತ್ತಿದರೆ ಅಕ್ಟೋಬರ್ ಕೊನೆಯ ಹೊತ್ತಿಗೆ ನಾಟಿ, ವರ್ಷದ ಕೊನೆಗೆ ಮೊದಲ ಹಣ್ಣು, ಫೆಬ್ರುವರಿಯೊಳಗೆ ಕೊಯ್ಲಿನ ಹೆಚ್ಚಿನ ಪಾಲು ಕೈಗೆ ಬಂದಿರುತ್ತದೆ.

ಆದರೆ ಬೇಗ ಎಂಬ ಒಂದೇ ಗುಣ ನೋಡಿ ಕೊಳ್ಳಬೇಡಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ದುಂಡಾಣು ಸೊರಗು ರೋಗ ಟೊಮೆಟೊದ ದೊಡ್ಡ ಶತ್ರು. ಅದಕ್ಕೆ ನಿರೋಧಕ ಶಕ್ತಿ ಇಲ್ಲದ ತಳಿ ಐವತ್ತೇ ದಿನಕ್ಕೆ ಹಣ್ಣು ಕೊಡುತ್ತದೆಂದರೂ ನಾನು ನೆಡುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹೈಬ್ರಿಡ್ ಸೊರಗು ರೋಗ, ಎಲೆ ಮುದುಡು ನಂಜು ರೋಗ, ಮುಂಚಿನ ಅಂಗಮಾರಿ (ಎಲೆ ಸುಟ್ಟಂತೆ ಒಣಗಿಸುವ ರೋಗ) ಮೂರನ್ನೂ ತಡೆಯುತ್ತದೆ. ಬಿತ್ತನೆಯಿಂದ ಕೊನೆಯ ಕೊಯ್ಲಿನವರೆಗೆ ಸುಮಾರು 140 ದಿನ. ಅದೇ ಸಂಸ್ಥೆಯ ‘ಅರ್ಕಾ ಅಭೇದ್’ ತಡವಾಗಿ ಬರುವ ಅಂಗಮಾರಿಯನ್ನೂ ತಾಳಿಕೊಳ್ಳುತ್ತದೆ. ಮಂಜು ಹೆಚ್ಚಿರುವ ಊರುಗಳಲ್ಲಿ ನನ್ನ ಆಯ್ಕೆ ಇದೇ. ಖಾಸಗಿ ಕಂಪನಿಗಳ ತಳಿಗಳಾದರೆ ಪೊಟ್ಟಣದ ಹಿಂಬದಿಯಲ್ಲಿ ರೋಗನಿರೋಧಕ ಗುಣಗಳ ಸಾಲನ್ನು ಓದಿಯೇ ಕೊಳ್ಳಿ.

ಒಟ್ಲು

ಒಂದು ಗ್ರಾಂನಲ್ಲಿ ಸುಮಾರು 300 ಬೀಜಗಳಿರುತ್ತವೆ. ನಾಲ್ಕೈದು ಜನರ ಮನೆಗೆ ಹತ್ತು ಹನ್ನೆರಡು ಗಿಡ ಸಾಕು. ನರ್ಸರಿಯಲ್ಲಿ ತಳಿಯ ಹೆಸರನ್ನು ಖಚಿತವಾಗಿ ಹೇಳುವವರಿದ್ದರೆ ಸಸಿಯನ್ನೇ ತರಬಹುದು. ಬಿತ್ತುವುದಾದರೆ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಬೆರೆಸಿ ತುಂಬಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಒಂದೊಂದು ಗುಳಿಗೆ ಒಂದೊಂದು ಬೀಜ ಹಾಕಿ. ಗುಲಾಬಿ ಅಥವಾ ನೀಲಿ ಬಣ್ಣ ಲೇಪಿಸಿದ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ವಾರದೊಳಗೆ ಮೊಳಕೆ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಇನ್ನೂ ಮಳೆ ಇರುವುದರಿಂದ ಟ್ರೇ ಸೂರಿನಡಿಯಲ್ಲಿರಲಿ, ಬೆಳಕು ಮಾತ್ರ ಧಾರಾಳವಾಗಿ ಬೀಳಲಿ. ನೀರು ಹೆಚ್ಚಾದರೆ ಸಸಿಯ ಬುಡ ಕರಗಿ ಮಲಗಿಬಿಡುತ್ತದೆ. ಬಿಳಿ ನೊಣ ತಾಗದಂತೆ ಸಣ್ಣ ಕಣ್ಣಿನ ನೈಲಾನ್ ಪರದೆ ಹೊದಿಸಿ, ಏಕೆಂದರೆ ಎಲೆ ಮುದುಡು ರೋಗ ಬಹುಪಾಲು ಅಂಟುವುದು ಈ ಎಳೆಯ ವಯಸ್ಸಿನಲ್ಲೇ.

ಮಣ್ಣು ಮತ್ತು ನಾಟಿ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಸಿಲ್ವರ್ ಓಕ್ ನೆರಳು ಕಾಫಿಗೆ ಸರಿ, ಟೊಮೆಟೊಗೆ ಅಲ್ಲ. ಕಳೆದ ಮೂರು ವರ್ಷಗಳಲ್ಲಿ ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಬೆಳೆದ ಪಾತಿಯನ್ನು ಬಿಡಿ. ಹಾಸನದ ಸುತ್ತ ಹೊಲದಲ್ಲೂ ಹಿತ್ತಲಲ್ಲೂ ಆಲೂಗಡ್ಡೆ ಹಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಟೊಮೆಟೊ ಅದೇ ಕುಟುಂಬದ ಗಿಡವಾದ್ದರಿಂದ ಆಲೂಗಡ್ಡೆಯ ಅಂಗಮಾರಿಯೂ ಸೊರಗು ರೋಗವೂ ಇದಕ್ಕೆ ದಾಟುತ್ತವೆ. ಬೇರೆ ಜಾಗವೇ ಇಲ್ಲದಿದ್ದರೆ ಹೊಸ ಮಣ್ಣು ತುಂಬಿದ ದೊಡ್ಡ ಚೀಲಗಳಲ್ಲಿ ಬೆಳೆಯಿರಿ.

ಕಾಫಿ ಸೀಮೆಯ ಮಣ್ಣು ಸಾಮಾನ್ಯವಾಗಿ ಹುಳಿ. ಟೊಮೆಟೊಗೆ ಮಣ್ಣಿನ ರಸಸಾರ (ಪಿಎಚ್) 6ರಿಂದ 7 ಇದ್ದರೆ ಒಳ್ಳೆಯದು. ಹಾಸನದ ಕಂದಲಿ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಣ್ಣು ಪರೀಕ್ಷೆಯ ಬಗ್ಗೆ ಅಲ್ಲಿ ವಿಚಾರಿಸಿ, ಬಂದ ಫಲಿತಾಂಶ ನೋಡಿ ನಾಟಿಗೆ ಮೂರು ನಾಲ್ಕು ವಾರ ಮೊದಲೇ ಕೃಷಿ ಸುಣ್ಣ ಸೇರಿಸಿ. ಸುಣ್ಣದಿಂದ ಹುಳಿ ತಗ್ಗುವುದಷ್ಟೇ ಅಲ್ಲ, ಕಾಯಿಗೆ ಬೇಕಾದ ಕ್ಯಾಲ್ಸಿಯಂ ಕೂಡ ಸಿಗುತ್ತದೆ.

ಪಾತಿ ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರವಿರಲಿ. ಎರಡು ಅಡಿಗೆ ಒಂದರಂತೆ ಗುಂಡಿ ತೋಡಿ, ಪ್ರತಿಯೊಂದಕ್ಕೂ ಎರಡು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಸಂಜೆ ಹೊತ್ತು, ಸಸಿಯ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧ ಭಾಗ ಮಣ್ಣಿನೊಳಗೆ ಹೋಗುವಂತೆ ನೆಡಿ. ಹೂತ ಕಾಂಡದುದ್ದಕ್ಕೂ ಬೇರು ಒಡೆಯುತ್ತದೆ. ಬುಡಕ್ಕೆ ಒಣ ದರಗು ಹೊದಿಸಿದರೆ ತೇವ ಉಳಿಯುತ್ತದೆ, ಮಣ್ಣು ಸಿಡಿದು ಎಲೆಗೆ ರೋಗ ಹತ್ತುವುದೂ ತಪ್ಪುತ್ತದೆ.

ಪಾತಿಯ ಅಂಚಿಗೆ ಚೆಂಡುಹೂವಿನ ಗಿಡಗಳನ್ನೂ ನೆಡಿ. ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಅದರ ಮೊಗ್ಗಿಗೆ ಮೊಟ್ಟೆ ಇಡಲು ಹೋಗುತ್ತದೆ. ಆದರೆ ಎರಡೂ ಒಟ್ಟಿಗೆ ಹೂ ಬಿಟ್ಟರೆ ಮಾತ್ರ ಈ ಉಪಾಯ ಫಲಿಸುತ್ತದೆ. ಅದಕ್ಕಾಗಿ ಚೆಂಡುಹೂವಿನ ಬೀಜವನ್ನು ಟೊಮೆಟೊಗಿಂತ ಹದಿನೈದು ಇಪ್ಪತ್ತು ದಿನ ಮೊದಲು ಬಿತ್ತಬೇಕು.

ಆಸರೆ, ನೀರು, ಹೂ

ನೆಟ್ಟ ಎರಡು ವಾರಕ್ಕೆ ಬಿದಿರಿನ ಗಳು ನೆಟ್ಟು ಬಾಳೆ ನಾರಿನಿಂದ ಸಡಿಲವಾಗಿ ಕಟ್ಟಿ. ಬೇಗ ಫಲ ಕೊಡುವ ತಳಿಗಳಲ್ಲಿ ಹೆಚ್ಚಿನವು ಗಿಡ್ಡ ಜಾತಿಯವು. ಇವುಗಳ ಕಂಕುಳ ಚಿಗುರನ್ನೆಲ್ಲ ಕೀಳುತ್ತ ಹೋದರೆ ಫಲವನ್ನೇ ಕಿತ್ತಂತೆ. ಮೊದಲ ಹೂಗೊಂಚಲಿನ ಕೆಳಗಿನವನ್ನು ತೆಗೆದರೆ ಸಾಕು.

ಬೆಳಗ್ಗೆ ಬುಡಕ್ಕೆ ನೀರು ಕೊಡಿ, ಎಲೆ ನೆನೆಯಬಾರದು. ಒಂದು ವಾರ ಒಣಗಿಸಿ ಮರುವಾರ ಸುರಿದರೆ ಹಣ್ಣು ಸೀಳುತ್ತದೆ, ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಹೂ ಕಾಣಿಸಿದ ಮೇಲೆ ಸಾರಜನಕದ ಗೊಬ್ಬರ ನಿಲ್ಲಿಸಿ. ಇಲ್ಲದಿದ್ದರೆ ಸೊಪ್ಪು ಸೊಗಸಾಗಿ ಬೆಳೆದು ಕಾಯಿ ಕಡಿಮೆಯಾಗುತ್ತದೆ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿಯುವ ಚಳಿಯಲ್ಲಿ ಹೂ ಉದುರಬಹುದು. ಬಿಸಿಲೇರಿದ ಮೇಲೆ ಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಕಚ್ಚಲು ನೆರವಾಗುತ್ತದೆ.

ರೋಗ ಬಂದರೆ

ಹಸಿರಾಗಿದ್ದ ಗಿಡ ಎಲೆ ಹಳದಿಯಾಗದೆಯೇ ದಿಢೀರನೆ ಬಾಡಿದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಔಷಧಕ್ಕೆ ದುಡ್ಡು ಸುರಿಯಬೇಡಿ. ಬೇರು, ಮಣ್ಣು ಸಮೇತ ಕಿತ್ತು ಪಾತಿಯಿಂದ ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ.

ಮೋಡ, ಮಂಜು ಎರಡು ದಿನ ಕವಿದರೆ ಅಂಗಮಾರಿಗೆ ಕಾಯದೆ ಬೋರ್ಡೋ ದ್ರಾವಣ ಸಿಂಪಡಿಸಿ. ಅಡಿಕೆ ಬೆಳೆಗಾರರ ಮನೆಯಲ್ಲಿ ಇದನ್ನು ಕಲಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ 50 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿಗೆ, 50 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿಗೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಿ. ಅಂದು ಕಲಸಿದ್ದನ್ನು ಅಂದೇ ಬಳಸಿ. ಸಿಂಪಡಿಸಿದ ಮೇಲೆ ಕೊಯ್ಯುವ ಹಣ್ಣನ್ನು ಚೆನ್ನಾಗಿ ತೊಳೆದೇ ಅಡುಗೆಗೆ ಕೊಡಿ.

ಕೊಯ್ಲು

ಮಂಗ, ಹಕ್ಕಿಗಳಿರುವ ಊರಿನಲ್ಲಿ ಹಣ್ಣು ಪೂರ್ತಿ ಕೆಂಪಾಗುವವರೆಗೆ ಕಾಯಬೇಕಿಲ್ಲ. ತುದಿಯಲ್ಲಿ ಬಣ್ಣ ತಿರುಗಿದೊಡನೆ ಕೊಯ್ದು ಮನೆಯೊಳಗೆ ಬುಟ್ಟಿಯಲ್ಲಿ ಹರಡಿ. ರುಚಿ ಕೆಡದೆ ಹಣ್ಣಾಗುತ್ತದೆ, ಫ್ರಿಜ್‌ನಲ್ಲಿಟ್ಟರೆ ಮಾತ್ರ ಕೆಡುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕೊಯ್ಯುತ್ತಿರಿ. ಹಣ್ಣು ಎಷ್ಟೇ ಚೆನ್ನಾಗಿದ್ದರೂ ಅದರ ಬೀಜ ಎತ್ತಿಡಬೇಡಿ. ಹೈಬ್ರಿಡ್‌ನ ಮರಿ ಗಿಡಗಳು ಒಂದೊಂದು ಒಂದೊಂದು ಬಗೆಯಾಗಿ ಹುಟ್ಟುತ್ತವೆ, ಸೊರಗು ರೋಗ ತಡೆಯುವ ಗುಣ ಎಲ್ಲದರಲ್ಲೂ ಉಳಿಯುವುದಿಲ್ಲ. ಮುಂದಿನ ಸೆಪ್ಟೆಂಬರ್‌ಗೆ ಹೊಸ ಪೊಟ್ಟಣವನ್ನೇ ತನ್ನಿ, ಪಾತಿಯನ್ನೂ ಬದಲಿಸಿ. ಈ ಪಾತಿಗೆ ಹುರುಳಿಕಾಯಿ ಅಥವಾ ಸೊಪ್ಪು ಹಾಕಬಹುದು.